ಪ್ರೇಮಕ್ಕ ಕೇಳಬಾರದಿದ್ದ ಪ್ರಶ್ನೆ

ಪ್ರೇಮಕ್ಕನ ಕೆಲಸ ಕೇಳುವುದು. ಹೊಟ್ಟೆಯಲ್ಲೇ ಮಗು ಕಳೆದುಕೊಂಡ ತಾಯಂದಿರನ್ನೂ ಮಗು ಸುಸೂತ್ರವಾಗಿ ಹುಟ್ಟಿದ ತಾಯಂದಿರನ್ನೂ ಹುಡುಕಿಕೊಂಡು ಹೋಗಿ, ಇಬ್ಬರಿಗೂ ಅದೇ ಪ್ರಶ್ನೆಗಳನ್ನು ಅದೇ ಮಾತಿನಲ್ಲಿ ಕೇಳಬೇಕು. ಬಸುರಿಯಾಗಿದ್ದಾಗ ಭಾರ ಎತ್ತಿದ್ದಿರಾ? ಎಲ್ಲಾದರೂ ಬಿದ್ದಿದ್ದಿರಾ? ಎರಡೂ ಕಡೆಯ ಉತ್ತರಗಳನ್ನು ಪಕ್ಕಪಕ್ಕ ಇಟ್ಟು, ಮಗು ಹೋಗುವುದಕ್ಕೆ ಕಾರಣವೇನೆಂದು ಪುಲಿಕೇಶಿನಗರದ ಸಂಶೋಧನಾ ಆಫೀಸಿನಲ್ಲಿ ಕೂತವರು ಹುಡುಕುತ್ತಾರೆ. ಪ್ರೇಮಕ್ಕ ಅಯ್ಯೋ ಅನ್ನುವಂತಿಲ್ಲ, ಸಮಾಧಾನ ಹೇಳುವಂತಿಲ್ಲ, ಉತ್ತರವನ್ನು ತಾನೇ ಅವರ ಬಾಯಿಗಿಡುವಂತಂತೂ ಇಲ್ಲವೇ ಇಲ್ಲ. ದಾವಣಗೆರೆಯಿಂದ ಸೊಸೆಯಾಗಿ ಬಂದಾಗ ಬಾಯಿಬಡುಕಿ ಅನ್ನಿಸಿಕೊಂಡಿದ್ದವಳು ಈಗ ಸಂಜೆ ಹಲಸೂರಿನ ಮನೆ ಸೇರಿದರೆ ಗಂಡ ಶಿವಶಂಕರಪ್ಪನ ಮಾತಿಗೂ ಹೂಂ ಅಂದು ಸುಮ್ಮನಾಗುತ್ತಾಳೆ. ಪಾಪ, ಆತ ಅದನ್ನು ಓಡಾಟದ ಮಂಡಿನೋವು ಅಂದುಕೊಂಡಿದ್ದಾನೆ.

ಲಿಂಗರಾಜಪುರದ ಆ ಬಾಡಿಗೆ ಕಟ್ಟಡಕ್ಕೆ ಅವಳು ಹೋಗಿದ್ದು ಎರಡನೇ ಸಲ. ಮೊದಲು ಹೇಳಿದ ಉತ್ತರವನ್ನೇ ಜನ ಮತ್ತೆ ಹೇಳುತ್ತಾರೋ ಇಲ್ಲವೋ ನೋಡಲು ಕೆಲವು ಮನೆಗಳಿಗೆ ಹೀಗೆ ತಿರುಗಿ ಕಳಿಸುತ್ತಾರೆ. ಮೇಲಿನ ಮಹಡಿಯ ಕೋಣೆಯಲ್ಲಿ ಯಾದಗಿರಿ ಕಡೆಯ ಅಮೃತಮ್ಮ, ಅವಳ ಗಂಡ ಹುಲಿಗೆಪ್ಪ. ಇಬ್ಬರದೂ ಗಾರೆ ಕೆಲಸ. ಹೋದ ಶ್ರಾವಣದಲ್ಲಿ ಅವರ ಚೊಚ್ಚಲ ಮಗು ಉಸಿರಿಲ್ಲದೆ ಹುಟ್ಟಿತ್ತು. ಭಾರ ಎತ್ತಿದ್ದಿರಾ ಎಂದು ಹಿಂದಿನ ಸಲ ಕೇಳಿದಾಗ ಅಮೃತಮ್ಮ ಯೋಚಿಸಿ, ಒಂದೊಂದು ದಿನ ಕೆಳಗಿನ ನಲ್ಲಿಯಿಂದ ನೀರಿನ ಕೊಡ ತಂದಿದ್ದೆ ಅಂದಿದ್ದಳು. ಈ ಸಲ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂತು.

"ದಿನಾ ಹೊತ್ತೀನ್ರಿ ಅಕ್ಕಾರ. ಎರಡೆರಡು ಕೊಡ. ನಾನ ಕೊಂದೀನಿ ಕೂಸಿನ್ನ. ಇನ್ನೊಂದು ಕೂಸು ಬ್ಯಾಡ ಅಂತ ಇವರಿಗಿ ಹೇಳೀನಿ. ಅದನ್ನೂ ಕೊಲ್ತೀನಿ."

ಹುಲಿಗೆಪ್ಪ ಗೋಡೆ ನೋಡುತ್ತಾ ಕೂತಿದ್ದ. ಪ್ರೇಮಕ್ಕ ಉತ್ತರ ಒತ್ತುತ್ತಿದ್ದ ಟ್ಯಾಬನ್ನು ಮಡಿಲಿಗಿಳಿಸಿದಳು. ಭಾರದ ಮಾತನ್ನು ಈ ಮನೆಯೊಳಗೆ ಮೊದಲು ತಂದವಳು ತಾನೇ ಅಲ್ಲವೇ?

ಹೊರಗೆ ಮೆಟ್ಟಿಲ ಬಳಿಗೆ ಬಂದು ಆಫೀಸಿನ ಪ್ರಿಯದರ್ಶಿನಿಗೆ ಫೋನು ಮಾಡಿದಳು.

"ಇದು ಗೊತ್ತಿರೋದೇ ಪ್ರೇಮಕ್ಕ," ಅಂದಳು ಆ ಹುಡುಗಿ. ಅವಳ ದನಿಯೂ ಸೋತಿತ್ತು. "ಮಗು ಕಳ್ಕೊಂಡೋರು ಕೆದಕಿ ಕೆದಕಿ ನೆನಪು ಮಾಡ್ಕೋತಾರೆ. ಮಗು ಚೆನ್ನಾಗಿರೋರು ಮರ್ತೇಬಿಟ್ಟಿರ್ತಾರೆ. ರೀಕಾಲ್ ಬಯಾಸ್ ಅಂತಾರೆ. ಅನಾಲಿಸಿಸ್‌ನಲ್ಲಿ ಆದಷ್ಟು ನೋಡ್ಕೋತೀವಿ. ಅವ್ರಿಗೆ ಮಾತ್ರ ಏನೂ ಹೇಳ್ಬೇಡಿ, ಪ್ಲೀಸ್."

ಲೆಕ್ಕದಲ್ಲೇನೋ ನೋಡಿಕೊಳ್ಳುತ್ತಾರೆ. ಅಮೃತಮ್ಮನ ತಲೆಯೊಳಗೆ ಹೋಗಿ ನೋಡಿಕೊಳ್ಳುವವರು ಯಾರು?

ಎದುರು ಕೋಣೆಯ ಶಾಂಭವಿಯೂ ಪಟ್ಟಿಯಲ್ಲಿದ್ದಳು. ಮಗು ಚೆನ್ನಾಗಿರುವವರ ಕಡೆ. ಸೀಮಂತದ ಕುಬಸ ಮುಗಿಸಿಕೊಂಡು ತವರಿಗೆ ಹೋಗಿ, ಹೆತ್ತು, ಹೆಣ್ಣುಮಗುವಿನೊಂದಿಗೆ ತಿರುಗಿ ಬಂದಿದ್ದಳು. ಅಮೃತಮ್ಮನಿಗೆ ತಾಯಿಯಿಲ್ಲ, ಅವಳನ್ನು ಯಾರೂ ಕರೆದೊಯ್ದಿರಲಿಲ್ಲ. ಶಾಂಭವಿ ಬಾಗಿಲಲ್ಲೇ ಕೂತು ಹಾಲೂಡಿಸುತ್ತಿದ್ದಳು. ಪ್ರೇಮಕ್ಕ ಅದೇ ಮಾತಿನಲ್ಲಿ ಅದೇ ಪ್ರಶ್ನೆ ಕೇಳಿದಳು.

"ಎಲ್ಲೀ ಭಾರ್ರೀ! ತವರಮನ್ಯಾಗ ಕುಂತು ಉಂಡೀನಿ. ನಮ್ಮವ್ವ ಒಂದು ಕಡ್ಡೀನೂ ಎತ್ತಗೊಟ್ಟಿಲ್ಲ."

ಸುಳ್ಳಲ್ಲ. ಬಸಿರು ಅಂದಕೂಡಲೇ ಅವಳಿಗೆ ನೆನಪಾಗುವುದು ಅವ್ವನ ಅಡುಗೆ, ಅವ್ವನ ಬೈಗುಳ. ಅದಕ್ಕೆ ಮೊದಲು ಬೆಂಗಳೂರಿನಲ್ಲಿ ಕಳೆದ ತಿಂಗಳುಗಳು ಲೆಕ್ಕಕ್ಕೇ ಇರಲಿಲ್ಲ. ಅಮೃತಮ್ಮ ತನ್ನ ಹೊಸ್ತಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಪ್ರೇಮಕ್ಕ ಟ್ಯಾಬಿನಲ್ಲಿ 'ಇಲ್ಲ' ಒತ್ತಿ ಮುಂದಿನ ಪ್ರಶ್ನೆಗೆ ಹೋಗಬೇಕಿತ್ತು. ಒತ್ತಲಿಲ್ಲ. ನಿಯಮ ಹಾಳಾಗಿ ಹೋಗಲಿ ಅನ್ನಿಸಿತು.

"ತವರಿಗೆ ಹೋಗೋಕ್ ಮುಂಚೆ ಇಲ್ಲಿ ನೀರು ಯಾರಮ್ಮ ತರ್ತಿದ್ರು?"

"ನಾವ ತರ್ತಿದ್ವಿ. ನಾನು, ಅಮೃತಕ್ಕ, ಕೂಡೇ ಇಳೀತಿದ್ವಿ..." ಶಾಂಭವಿಯ ನಗು ಅಲ್ಲೇ ನಿಂತಿತು. ಎದುರು ಬಾಗಿಲ ಕಡೆ ನೋಡಿ, ಮಗುವಿನ ಮುಖಕ್ಕೆ ಸೆರಗು ಎಳೆದುಕೊಂಡಳು. "ಹೌದಲ್ರೀ. ನಾನೂ ಹೊತ್ತೀನಿ. ಅಕ್ಕನಷ್ಟಽ ಹೊತ್ತೀನಿ."

ಪ್ರೇಮಕ್ಕ ಅಮೃತಮ್ಮನತ್ತ ತಿರುಗಿದಳು. "ಕೇಳಿಸ್ತೇನಮ್ಮ? ಅವಳೂ ಹೊತ್ತಿದ್ಲು. ನೀನು ಕೊಡ ಹೊತ್ತಿದ್ದಕ್ಕೇ ಮಗು ಹೋಯ್ತು ಅಂತ ಹೇಳೋಕಾಗಲ್ಲ. ನಿನ್ನ ತಪ್ಪು ಅಂತ ಯಾರೂ ಹೇಳೋಕಾಗಲ್ಲ."

ಅವಳ ಮುಖ ಈಗ ಹಗುರಾಗುತ್ತದೆ ಎಂದು ಪ್ರೇಮಕ್ಕ ಕಾದಳು. ಅಮೃತಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಹಂಗಾದ್ರ ಯಾಕ ಹೋತ್ರಿ?"

"ಗೊತ್ತಿಲ್ಲಮ್ಮ."

"ನಿಮ್ಮ ಆಫೀಸಿನವರಿಗಿ ಗೊತ್ತೈತೇನ್ರಿ?"

"ಅವರಿಗೂ ಗೊತ್ತಿಲ್ಲ. ಅದಕ್ಕೇ ಮನೆಮನೆಗೆ ಬಂದು ಕೇಳ್ತಿರೋದು."

ಅಮೃತಮ್ಮ ಹೊಸ್ತಿಲ ಮೇಲೆ ಕೂತಳು. ಒಳಗಿಂದ ಹುಲಿಗೆಪ್ಪ ಎದ್ದು ಬಂದು, ಅವಳ ಹಿಂದೆ ನಿಂತ. ಪ್ರೇಮಕ್ಕ ಟ್ಯಾಬನ್ನು ನೆಲದ ಮೇಲಿಟ್ಟು ಪಕ್ಕದಲ್ಲೇ ಕೂತಳು. ಇಷ್ಟು ದಿನ ತನ್ನನ್ನು ತಾನೇ ಶಪಿಸಿಕೊಳ್ಳುತ್ತಿದ್ದ ಹೆಂಗಸು, ಮೊದಲ ಸಲ, ಬರೀ ತನ್ನ ಕೂಸಿಗಾಗಿ ಅಳತೊಡಗಿದಳು.