ಅತ್ತೆಯ ಮಡಿಲಿಗೆ ಬಂದ ಗೊಂಬೆ

ಹೊಸ ಪ್ಲಾಸ್ಟಿಕ್ಕಿನ ವಾಸನೆಯೂ ಮನುಷ್ಯರನ್ನು ಬಾಲ್ಯಕ್ಕೆ ಎಳೆದೊಯ್ಯಬಲ್ಲದೆಂದು ಕಳೆದ ವಾರ ಅಮೆರಿಕದ ಸ್ಯಾನ್ ಮಟಿಯೋದಲ್ಲಿ ತಿಳಿಯಿತು. ಅಲ್ಲಿ ಚೊಚ್ಚಲ ಬಸುರಿಯರಿಗೆ ಕೂಸಿನ ಆರೈಕೆ ಕಲಿಸುವ ತರಗತಿ. ಗಂಡಂದಿರೂ ಬರಬೇಕಂತೆ. ಊರಿಗೆ ಊರೇ ಡಾಟ್‌ಕಾಮ್ ಜಪ ಮಾಡುತ್ತಿರುವ ಈ ದಿನಗಳಲ್ಲಿ ನನ್ನ ಅಳಿಯನ ಕಂಪನಿ ಷೇರುಪೇಟೆಗೆ ಇಳಿಯುವ ಸಡಗರದಲ್ಲಿದೆ. ಹೀಗಾಗಿ ಮಗಳ ಪಕ್ಕ, ಅವಳ ಗಂಡನ ಕುರ್ಚಿಯಲ್ಲಿ ನಾನು ಕುಳಿತೆ. ನರ್ಸಮ್ಮ ಒಂದೊಂದು ಗೊಂಬೆ ಹಂಚಿದಳು.

ಮುಂದಿನ ಭಾನುವಾರವೇ ಮಗಳು ಸುಮಾಳ ಕುಬಸ, ಅಂದರೆ ಸೀಮಂತ, ನಡೆಯುವುದಿತ್ತು. ನೀನೇ ಉಡಿ ತುಂಬು ಎಂದು ಅವಳ ಹಟ. ವಿಧವೆಯಾದ ನಾನು ಅಡುಗೆಮನೆ ನೋಡಿಕೊಳ್ಳುತ್ತೇನೆಂದು ಹೇಳಿ, ಉಡಿ ತುಂಬಲು ಮಂಡ್ಯದ ಕಡೆಯ ಮುತ್ತೈದೆಯೊಬ್ಬರನ್ನು ಗೊತ್ತುಮಾಡಿದ್ದೆ. ಪುಸ್ತಕಗಳೊಡನೆ ಸದಾ ಜಗಳವಾಡುವ ನಾನು ಪದ್ಧತಿಯೊಡನೆ ಮಾತ್ರ ರಾಜಿಯಲ್ಲಿದ್ದೆ.

ಆ ಜಗಳದ ಒಂದು ಮಾದರಿ ಹೇಳುತ್ತೇನೆ, ಕೇಳಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು, ಉಳಿದುದನ್ನು ವಾಚನಾಲಯದಲ್ಲಿ ತಾನೇ ಓದಿಕೊಂಡವಳು ನಾನು. ಬ್ರಿಟಿಷರ ಕಾಲದಲ್ಲಿ ಹೆಂಗಸರಿಗಾಗಿ ನಡೆದ ಸಾಮಾಜಿಕ ಶಿಕ್ಷಣದ ತರಗತಿಗಳಿಂದ ಅಜ್ಞಾನಿಗಳಿಗೆ ಬೆಳಕು ಬಂತೆಂದು ಒಂದು ಪುಸ್ತಕ ಹೇಳುತ್ತದೆ. ಅದೆಲ್ಲ ಪರಕೀಯರ ಹುನ್ನಾರವೆಂದು ಇನ್ನೊಂದು. ಗದಗ ಸೀಮೆಯ ನಮ್ಮೂರಿನ ತರಗತಿಯಲ್ಲಿ ಸ್ವತಃ ಕುಳಿತಿದ್ದವಳಾದ್ದರಿಂದ ಎರಡನ್ನೂ ನಂಬಲಾರೆ.

ಚಾವಡಿಯ ಹಿಂದಿನ ಪಡಸಾಲೆಯಲ್ಲಿ ಬ್ರಿಟಿಷ್ ಸಾಹೇಬರ ಹೆಂಡತಿ, ನಮ್ಮೆಲ್ಲರ ಬಾಯಲ್ಲಿ ದೊರೆಸಾನಿ, ನೀರು ಕುದಿಸುವುದನ್ನೂ ಉಣ್ಣೆಯ ಕಾಲುಚೀಲ ಹೆಣೆಯುವುದನ್ನೂ ಕಲಿಸುತ್ತಿದ್ದಳು. ಗದಗಿನ ಬಿಸಿಲು ಬಲ್ಲವರು ಇಲ್ಲಿ ನಗಬಹುದು. ನನ್ನನ್ನು ಕರೆದೊಯ್ಯುತ್ತಿದ್ದವಳು ಸೋದರತ್ತೆ ಗೋದಾವರಿ. ಎಳೆಯ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡವಳು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಅವಳು ಬಾಗಿಲ ಹಿಂದೆ ನಿಲ್ಲಬೇಕಿತ್ತು. ಎತ್ತಿಕೊಳ್ಳಲೆಂದು ಯಾರೂ ಅವಳಿಗೆ ಕೂಸು ಕೊಡುತ್ತಿರಲಿಲ್ಲ. ತರಗತಿಯಲ್ಲೂ ಬಾಗಿಲ ಬಳಿಯೇ ಕೂರುತ್ತಿದ್ದಳು.

ಒಂದು ಮಧ್ಯಾಹ್ನ ದೊರೆಸಾನಿ ಕೂಸಿಗೆ ನೀರೆರೆಯುವ ಪಾಠಕ್ಕೆಂದು ವಿಲಾಯಿತಿ ಗೊಂಬೆ ತಂದಳು. ಹಿಂದೆ ಕುಳಿತವರನ್ನೇ ಹುಡುಕುವುದು ಕಲಿಸುವವರ ಹಳೆಯ ಚಾಳಿ. ನೇರ ಹೋಗಿ ಅದನ್ನು ಅತ್ತೆಯ ಮಡಿಲಲ್ಲಿಟ್ಟಳು.

“ಆಕೀ ಕೈಯಾಗ ಬ್ಯಾಡ್ರಿ, ಬಾಯಾರ” ಎಂದಳು ಒಬ್ಬಾಕೆ. ಕನ್ನಡ ಅಷ್ಟಕ್ಕಷ್ಟೇ ಬರುತ್ತಿದ್ದ ದೊರೆಸಾನಿ ಮುಗುಳ್ನಕ್ಕಳು. ದಿನ ತುಂಬಿದ್ದ ಶಂಕ್ರವ್ವ ಮಾತ್ರ, “ಗೊಂಬೀಗೆ ಮುತ್ತೈದಿ ಯಾರು, ಗಂಡ ಸತ್ತಾಕಿ ಯಾರು? ಎರೀಲಿ ಬಿಡ್ರಿ” ಎಂದಳು.

ಅತ್ತೆ ತಗಡಿನ ತೊಟ್ಟಿಯನ್ನು ಪಕ್ಕಕ್ಕೆ ಸರಿಸಿ ಕಾಲು ಚಾಚಿದಳು. ಗೊಂಬೆಯನ್ನು ಕಣಕಾಲುಗಳ ಮೇಲೆ ಮಲಗಿಸಿ, ಕಣ್ಣಿಗೆ ನೀರಿಳಿಯದಂತೆ ಅದರ ಹಣೆಗೆ ಕೈ ಅಡ್ಡ ಹಿಡಿದು ಎರೆದಳು. ಒರೆಸಿದ ಮೇಲೆ ದೃಷ್ಟಿಯನ್ನೂ ತೆಗೆದಳು. ಯಾರೂ ನಗಲಿಲ್ಲ. ಕೆಲವೇ ದಿನಗಳಲ್ಲಿ ಶಂಕ್ರವ್ವ ಹೆತ್ತಳು. ಕೂಸಿಗೆ ಎರೆಯಲು ಕರೆಸಿದ್ದು ಅತ್ತೆಯನ್ನೇ.

ಅಂದು ದೊರೆಸಾನಿ ಮಾಡಿದ್ದು ಒಂದು ತಪ್ಪು. ಯಾರ ಮಡಿಲಿಗೆ ಏನನ್ನು ಇಡಬಾರದೆಂಬುದು ಆಕೆಗೆ ತಿಳಿದಿರಲಿಲ್ಲ. ಆ ತಪ್ಪಿನ ಮಾತು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ.

“ಅವ್ವಾ, ಎಲ್ಲಾರೂ ಶುರು ಮಾಡ್ಯಾರ” ಎಂದು ಸುಮಾ ಮೊಣಕೈಯಿಂದ ತಿವಿದಳು. ನಾನು ಕುರ್ಚಿ ಬಿಟ್ಟು ಕಾರ್ಪೆಟ್ಟಿನ ಮೇಲೆ ಕಾಲು ಚಾಚಿದೆ. ನರ್ಸಮ್ಮ ಟಬ್ಬು ತೋರಿಸಿದಳು; ನಾನು ವಿನಯದಿಂದ ತಲೆಯಾಡಿಸಿ ನನ್ನ ಕೆಲಸ ಮುಂದುವರಿಸಿದೆ.

ಸ್ಯಾನ್ ಹೊಸೆಯ ಮನೆಗೆ ಮರಳುವಾಗ ಫ್ರೀವೇಯಲ್ಲಿ ಸುಮಾ ಕೇಳಿದಳು: “ಸಂಡೇ ಆ ಮಂಡ್ಯದ ಆಂಟೀಗೆ ರೈಡ್ ಬೇಕಾಗ್ತದೇನವ್ವಾ?”

“ಅವರು ಆರಾಮ ಊಟದ ಹೊತ್ತಿಗೆ ಬರಲಿ. ನೀ ಈಗ ಗ್ರೋಸರಿ ಕಡೆ ಕಾರ್ ಹೊಳ್ಳಸು. ಉಡಿ ತುಂಬಾಕ ಕೊಬ್ಬರಿ ಬಟ್ಟಲ ಬೇಕು. ಚಲೋವು ನೋಡಿ ನಾನೇ ಆರಸ್ತೀನಿ.”

ಸುಮಾ ಇಂಡಿಕೇಟರು ಹಾಕಿದಳು. ಅದು ಟಿಕ್ ಟಿಕ್ ಎನ್ನತೊಡಗಿತು.