ಗೋಲ್‌ಕೀಪರ್ ಕೇಳಲು ಹೋದದ್ದು

ಬೇಸಿಗೆ ಸೂಟಿ ಬಿದ್ದರೆ ಕಾಲೇಜಿನಲ್ಲಿ ಕಲಿಸುವವರು ಕಾಲು ಚಾಚಿ ಮಲಗುತ್ತಾರೆ ಎಂದು ನಮ್ಮ ಓಣಿಯವರೆಲ್ಲ ತಿಳಿದಿದ್ದಾರೆ. ಹಾಗೆ ತಿಳಿದವರನ್ನು ಒಂದು ಮೇ ತಿಂಗಳು ನನ್ನ ಜೊತೆ ಬಿಸಿಲಿನಲ್ಲಿ ತಿರುಗಿಸಬೇಕು. ಪಿಯುಸಿ ರಿಸಲ್ಟ್ ಬಂದ ಮರುದಿನದಿಂದ ನಾವು ಊರೂರು ಅಲೆಯುತ್ತೇವೆ, ಮಕ್ಕಳನ್ನು ಕೇಳಲು. ಕಲಘಟಗಿಯ ನಮ್ಮ ಡಿಗ್ರಿ ಕಾಲೇಜು ಎಷ್ಟು ಸಣ್ಣದೆಂದರೆ, ನಾನು ಒಂದು ಕೋಣೆಯಲ್ಲಿ ಗದರಿದರೆ ಎಲ್ಲ ಕೋಣೆಗಳೂ ಸುಮ್ಮನಾಗುತ್ತವೆ. ನಾನು ಅಲ್ಲಿ ಕನ್ನಡ ಕಲಿಸುತ್ತೇನೆ. ಸಿಟ್ಟು ನನಗೆ ಹುಟ್ಟಿನಿಂದ ಬಂದದ್ದು, ಅದಕ್ಕೆ ಯಾವ ಡಿಗ್ರಿಯೂ ಬೇಕಾಗಲಿಲ್ಲ.

ಇಂಥ ಕಾಲೇಜಿಗೆ ಹುಡುಗಿಯರ ಫುಟ್‌ಬಾಲ್ ತಂಡ ಯಾಕೆ ಬೇಕಿತ್ತು ಎಂದು ಕೇಳಬೇಡಿ. ನಮ್ಮ ಪಿ.ಟಿ. ಸರ್ ಅವರನ್ನು ಕೇಳಿದರೆ ಅವರು ಹೇಳುವುದು ಇಷ್ಟು. ಕಬಡ್ಡಿ, ಖೋ ಖೋ ಚೆನ್ನಾಗಿ ಆಡುವ ಹುಡುಗಿಯರನ್ನು ದೊಡ್ಡ ಊರಿನ ಕಾಲೇಜಿನವರು ಪರೀಕ್ಷೆ ಮುಗಿಯುವ ಮೊದಲೇ ಕಾರಿನಲ್ಲಿ ಬಂದು ಮಾತಾಡಿಸಿ ಹೋಗಿರುತ್ತಾರೆ. ಹಾಸ್ಟೆಲ್ಲು, ಬೂಟು, ಟ್ರ್ಯಾಕ್ ಸೂಟು ಎಲ್ಲ ಕೊಡುತ್ತಾರೆ. ಫುಟ್‌ಬಾಲ್ ಆಡುವವರನ್ನು ಯಾರೂ ಕೇಳುವುದಿಲ್ಲ, ಆದ್ದರಿಂದ ಫುಟ್‌ಬಾಲ್ ನಮ್ಮದು. ಹೋದ ವರ್ಷ ಹಾಗೂ ಹೀಗೂ ಮಾಡಿ ಒಂದು ತಂಡ ಕಟ್ಟಿದರು. ಗೋಲಿನಲ್ಲಿ ನಿಂತ ಹುಡುಗಿ ಬಹಳ ಸಂಭಾವಿತಳು. ಚೆಂಡು ಬಂದರೆ ಬಾಜು ಸರಿದು ದಾರಿ ಕೊಡುತ್ತಿದ್ದಳು. ಎಷ್ಟು ಗೋಲು ಬಿದ್ದವೆಂದು ನಾವು ಯಾರೂ ಹೊರಗೆ ಹೇಳಿಕೊಳ್ಳುವುದಿಲ್ಲ.

ಈ ವರ್ಷ ಆಕೆ ಓದು ಮುಗಿಸಿ ಹೋದಳು. ಕೋಚ್ ಆಗಿದ್ದ ಹುಬ್ಬಳ್ಳಿಯ ಯುವಕನೂ ಬೇರೆ ಕಡೆ ಕೆಲಸ ಸಿಕ್ಕಿತೆಂದು ಹೊರಟುಹೋದ. ಪ್ರಿನ್ಸಿಪಾಲರು ಸ್ಟಾಫ್ ರೂಮಿಗೆ ಬಂದು ಹೇಳಿದರು, "ಅಡ್ಮಿಶನ್ ಮುಗಿಯೂದರಾಗ ಗೋಲ್‌ಕೀಪರ್ ಒಬ್ಬಾಕಿ, ಕೋಚ್ ಒಬ್ರು, ಇಬ್ರೂ ಬಂದ್ರ ತಂಡ ಇರ್ತದ. ಇಲ್ಲಾಂದ್ರ ಬ್ಯಾಡ ಬಿಡ್ರಿ. ಆ ನೆಟ್ ತಗದು ಹಿಂದಿನ ಬಾವಿ ಮ್ಯಾಲೆ ಹಾಕೂಣು. ಕಸಾನರೆ ಬೀಳೂದಿಲ್ಲ."

ಉಳಿದ ಹತ್ತು ಹುಡುಗಿಯರಿಗೆ ಇದು ಗೊತ್ತಾಗಿತ್ತು. ಸೂಟಿಯಿದ್ದರೂ ದಿನಾ ಮೈದಾನಕ್ಕೆ ಬರುತ್ತಿದ್ದರು. ಗೋಲ್ ಕಂಬಗಳ ನಡುವೆ ಕ್ಲಾಸಿನ ಮುರುಕು ಕುರ್ಚಿಯೊಂದನ್ನು ಇಟ್ಟು ಅದರತ್ತ ಚೆಂಡು ಒದೆಯುತ್ತಿದ್ದರು. "ಏನರವ್ವಾ ಇದು?" ಎಂದು ನಾನು ಕೇಳಿದರೆ, ಅವರಲ್ಲೊಬ್ಬಳು, "ಹೋದ ವರ್ಷದಕ್ಕಿಂತ ಚಲೋ ಐತ್ರಿ ಮೇಡಂ. ಕುರ್ಚಿ ಬಾಜು ಸರಿಯೂದಿಲ್ಲ" ಅಂದಳು. ನಕ್ಕೆ.

ಒಂದು ದಿನ ಪಿ.ಟಿ. ಸರ್ ಬೆವರು ಸುರಿಸುತ್ತ ಓಡಿ ಬಂದರು. "ಮೇಡಂ, ಸಿಕ್ಕಳ್ರಿ! ದುಮ್ಮವಾಡದ ಕಡೆ ಬಸ್ಸಿನ್ಯಾಗ ಹೊಂಟಿದ್ದೆ. ಒಂದು ಹಿತ್ತಲದಾಗ ಬಣವಿ ಒಟ್ಟಾಕ ಹತ್ತಿದ್ರು. ಮ್ಯಾಲೆ ಒಬ್ಬಾಕಿ ಹುಡುಗಿ ನಿಂತಾಳ. ಕೆಳಗಿಂದ ಇಬ್ರು ಹುಲ್ಲಿನ ಸಿವುಡು ಒಗಿಯಾಕ ಹತ್ಯಾರ. ಎಡಕ್ಕ ಒಗದ್ರೂ ಹಿಡಿತಾಳ, ಬಲಕ್ಕ ಒಗದ್ರೂ ಹಿಡಿತಾಳ. ಒಂದರೆ ಬೀಳವಲ್ದು! ಕಂಡಕ್ಟರ್ ಬೈದ್ರೂ ಬಿಡಲಿಲ್ಲ, ಅಲ್ಲೇ ಇಳದುಬಿಟ್ಟೆ." ಹುಡುಗಿ ಪಿಯುಸಿ ಪಾಸಾಗಿದ್ದಾಳೆ ಎಂಬುದನ್ನೂ ವಿಚಾರಿಸಿಕೊಂಡೇ ಬಂದಿದ್ದರು. ಆಮೇಲೆ ನನ್ನನ್ನು ಜೊತೆಗೆ ಕರೆದರು.

"ನಾ ಯಾಕ್ರಿ?" ಅಂದೆ.

"ಹುಡುಗೀನ್ನ ಕೇಳಾಕ ಹೊಂಟೀವಲ್ರಿ. ಜೋಡಿಗೆ ಹೆಣ್ಣಮಗಳೊಬ್ರು ಇರದಿದ್ರ ಹೊಸ್ತಿಲ ಒಳಗ ಬಿಡತಾರೇನ್ರಿ?"

ಮಾತು ಖರೆ ಇತ್ತು. ಅವರ ಬೈಕಿನ ಹಿಂದೆ ಕೂತು ಹೋದೆ.

ಮನೆಯ ಯಜಮಾನಿಕೆ ಹುಡುಗಿಯ ಅಜ್ಜಿಯದು. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆ ಅಡಿಕೆ. ಮನೆಯವರೆಲ್ಲ ಆಕೆಯನ್ನು ಆಯಿ ಎನ್ನುತ್ತಿದ್ದರು. ಮಗ ಸೊಸೆ ಇಬ್ಬರೂ ಮಾತಾಡುವ ಮೊದಲು ಆಕೆಯ ಮುಖ ನೋಡುತ್ತಿದ್ದರು. ಚೂಡಾ, ಚಹಾ ಬಂದವು. ಹುಡುಗಿ ತಲೆಯಲ್ಲಿ ಹುಲ್ಲಿನ ಎಳೆ ಸಿಕ್ಕಿಸಿಕೊಂಡೇ ಬಾಗಿಲ ಹಿಂದೆ ನಿಂತಿದ್ದಳು. ಪಿ.ಟಿ. ಸರ್ ಆಟ, ಸರ್ಟಿಫಿಕೇಟು, ಯೂನಿವರ್ಸಿಟಿ ಎಂದು ದೊಡ್ಡ ಭಾಷಣ ಮಾಡಿದರು. ಆಯಿ ಎಲ್ಲ ಕೇಳಿ, "ನಿಮ್ಮ ಕಾಲೇಜಿನ್ಯಾಗ ನೀರು ದಿನಾ ಬರ್ತಾವೇನು?" ಅಂದಳು. ಆಮೇಲೆ, "ಆಟ ಕಲಸಾವ್ರು ಗಂಡಸರೋ, ಹೆಂಗಸರೋ?"

ಪಿ.ಟಿ. ಸರ್ ಕಣ್ಣು ಮಿಟುಕಿಸದೆ ನನ್ನ ಕಡೆ ಕೈ ಮಾಡಿದರು. "ಇವರ ನೋಡ್ರಿ ನಮ್ಮ ಕೋಚ್."

ಚೂಡಾ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಸೊಸೆ ನೀರು ತಂದು ಕೊಟ್ಟಳು. ಆಯಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಕ್ಕೋರು ಸಿಟ್ಟಿನವರು ಕಾಣ್ತಾರ" ಅಂದಳು.

"ಅಗದಿ ಸಿಟ್ರಿ!" ಎಂದು ಪಿ.ಟಿ. ಸರ್ ತಮ್ಮ ಮಗಳ ಗುಣ ಹೇಳಿಕೊಳ್ಳುವವರ ಹಾಗೆ ಎದೆ ಉಬ್ಬಿಸಿದರು.

"ಈಗ ಹೂಂ ಅನ್ನಂಗಿಲ್ಲ ನಾ," ಅಂದಳು ಆಯಿ. "ಮನಿ ನೋಡಾಕ ಬರ್ತೀವಿ. ನೋಡಿ ಹೇಳ್ತೀವಿ."

ನಮ್ಮ ಕಡೆ ಹೆಣ್ಣು ಕೊಡುವವರು ಮಾತು ಕೊಡುವ ಮೊದಲು ಗಂಡಿನ ಮನೆ ನೋಡಲು ಹೋಗುತ್ತಾರೆ. ನೀರು ಎಲ್ಲಿಂದ ತರಬೇಕು, ಅತ್ತೆಯ ಬಾಯಿ ಹೇಗೆ, ಎಲ್ಲ ನೋಡಿಕೊಂಡು ಬರುತ್ತಾರೆ. ಕಾಲೇಜನ್ನು ಹಾಗೆ ನೋಡಲು ಬರುತ್ತೇವೆ ಎಂದವರನ್ನು ನಾನು ಮೊದಲ ಸಲ ಕಂಡೆ. ಹೊರಗೆ ಬೈಕಿನ ಹತ್ತಿರ ಹುಡುಗಿ ಓಡಿ ಬಂದಳು. "ಅಕ್ಕೋರ, ಖರೇನ ತಗೋತೀರೇನ್ರಿ ನನ್ನ? ಧಾರವಾಡದಾವ್ರು ಖೋ ಖೋಕ್ಕ ಅಂತ ನೋಡಾಕ ಬಂದಿದ್ರು. ದಪ್ಪ ಅದಾಳ ಅಂದು ಹೋದ್ರು. ನೀವೂ ಬಿಟ್ರ ನನ್ನ ಓದು ಇಲ್ಲಿಗೇ ಮುಗೀತ್ರಿ. ಸುಮ್ನ ಬಸ್ಸಿಗೆ ಅಡ್ಡಾಡಾಕ ಆಯಿ ಕಳಸೂದಿಲ್ಲ."

ದಾರಿಯುದ್ದಕ್ಕೂ ಪಿ.ಟಿ. ಸರ್‌ಗೆ ಬೈದೆ. "ಚೆಂಡು ಗುಂಡಗ ಇರ್ತೈತಿ ಅನ್ನೂದು ಬಿಟ್ರ ನನಗೇನ್ ಗೊತ್ತೈತ್ರಿ? ಬಾಯಿಗೆ ಬಂದದ್ದು ಹೇಳೂದಾ?" ಅವರು ಬೈಕು ಹೊಡೆಯುತ್ತ, "ನಾಳೆ ಪ್ರಿನ್ಸಿಪಾಲರ ಕಡೆ ಸಹಿ ಮಾಡಿಸ್ತೀನ್ರಿ. ಆಟ ನಾ ಹೇಳಿ ಕೊಡ್ತೀನಿ, ಬಯ್ಯೂದು ನೀವು ನೋಡ್ಕೋರ್ರಿ" ಅಂದರು. ಕೋಚ್ ಆಗಿ ನನ್ನ ನೇಮಕಾತಿ ಆದದ್ದು ಹೀಗೆ. ಬಯ್ಯುತ್ತಿದ್ದೆ ನಿಜ, ಆದರೆ ಆ ದಪ್ಪ ಹುಡುಗಿಯನ್ನು ಬಿಟ್ಟುಕೊಡಬಾರದೆಂದು ಊರು ಮುಟ್ಟುವ ಮೊದಲೇ ನಿರ್ಧಾರ ಮಾಡಿದ್ದೆ.

ಮರುದಿನದಿಂದ ನನ್ನ ಸಾಲಿ ಶುರುವಾಯಿತು. ಪಿ.ಟಿ. ಸರ್ ಹೇಳಿಕೊಟ್ಟದ್ದಕ್ಕಿಂತ ಆ ಹತ್ತು ಹುಡುಗಿಯರು ಹೇಳಿಕೊಟ್ಟದ್ದೇ ಹೆಚ್ಚು. ಮೊದಲ ಸಲ ಸೀಟಿ ಊದಿದೆ, ಸಪ್ಪಳಕ್ಕೆ ಬೇವಿನ ಗಿಡದ ಕಾಗೆಗಳೆಲ್ಲ ಎದ್ದು ಹೋದವು. ಆಫ್‌ಸೈಡ್ ಎಂಬುದು ನನಗೆ ಇಂದಿಗೂ ಪೂರಾ ತಿಳಿದಿಲ್ಲ. ಹಳಗನ್ನಡ ವ್ಯಾಕರಣ ಅದಕ್ಕಿಂತ ಎಷ್ಟೋ ಸುಲಭ. ಆದರೆ ಯಾರು ಓಡುತ್ತಿದ್ದಾರೆ, ಯಾರು ಓಡಿದಂತೆ ಮಾಡುತ್ತಿದ್ದಾರೆ ಎಂಬುದು ದೂರದಿಂದಲೇ ಗೊತ್ತಾಗುತ್ತಿತ್ತು. ಇಷ್ಟು ವರ್ಷ ಕ್ಲಾಸಿನಲ್ಲಿ ಓದಿದಂತೆ ಮಾಡುವವರನ್ನು ನೋಡಿದ್ದೇನಲ್ಲ.

ಆಯಿ ಬರುವ ದಿನ ಪಿ.ಟಿ. ಸರ್ ನನಗೆ ಟ್ರ್ಯಾಕ್ ಪ್ಯಾಂಟು, ಬೆನ್ನ ಮೇಲೆ ಕೋಚ್ ಎಂದು ಬರೆಸಿದ ಟೀ ಶರ್ಟು ತಂದುಕೊಟ್ಟರು. ಸೀರೆ ಬಿಟ್ಟು ಬೇರೆ ಏನೂ ಉಡದ ಹೆಂಗಸು ನಾನು. ನಮ್ಮ ಓಣಿಯಲ್ಲಿ ತೊಟ್ಟಿಲು ಮಾಡುವವರು ಬಹಳ. ನಾನು ಆ ವೇಷದಲ್ಲಿ ಹೊರಗೆ ಬಿದ್ದದ್ದೇ ತಡ, ಬಣ್ಣ ಹಚ್ಚುತ್ತಿದ್ದವರ ಕುಂಚಗಳು ನಿಂತುಬಿಟ್ಟವು. "ಅಕ್ಕೋರ, ಎಲ್ಲಿಗೆ ಸವಾರಿ?" ಎಂದು ಒಬ್ಬ ಕೇಳಿದ. "ನಿನ್ನ ಕೆಲಸ ನೀ ನೋಡೋ" ಎಂದು ಗದರಿ ಬಿರಬಿರನೆ ನಡೆದೆ.

ಆಯಿ ಟಂಟಂ ರಿಕ್ಷಾ ತುಂಬ ಮಂದಿಯನ್ನು ಕರೆದುಕೊಂಡು ಬಂದಳು. ಮಗ, ಸೊಸೆ, ಹುಡುಗಿ, ಆಕೆಯ ಅತ್ತೆಯರು, ಓಣಿಯ ಇನ್ನೂ ಯಾರೋ. ಪ್ರಿನ್ಸಿಪಾಲರು ಕುರ್ಚಿ ತೋರಿಸಿದರೆ ಆಕೆ ಕೂಡಲಿಲ್ಲ, ನೇರವಾಗಿ ನಲ್ಲಿ ತಿರುವಿ ನೋಡಿದಳು. ಹುಡುಗಿಯರ ಪಾಯಖಾನೆಯ ಒಳಗೆ ಹೋಗಿ ಚಿಲಕ ಹಾಕಿಕೊಂಡು, "ಈಗ ದೂಡ್ರಿ" ಎಂದು ಕೂಗಿದಳು. ಪಿ.ಟಿ. ಸರ್ ಸಂಕೋಚದಿಂದ ಮೆಲ್ಲಗೆ ದೂಡಿದರು. "ಹಂಗಲ್ಲ, ಗಂಡಸಿನಂಗ ದೂಡ್ರಿ ಮಾಸ್ತರ!" ಚಿಲಕ ಗಟ್ಟಿ ಇತ್ತು, ನಮ್ಮ ಪುಣ್ಯ.

ಆಮೇಲೆ ಮೈದಾನ. ಕುರ್ಚಿ ತೆಗೆದು ಹುಡುಗಿಯನ್ನು ಗೋಲಿನಲ್ಲಿ ನಿಲ್ಲಿಸಿದೆವು. ನಮ್ಮವರು ಒದ್ದರು, ಆಕೆ ಹಿಡಿದಳು. ಮತ್ತೆ ಒದ್ದರು, ಮತ್ತೆ ಹಿಡಿದಳು. ಒಂದಕ್ಕೆ ಮೈ ಚೆಲ್ಲಿ ಹಾರಿ ನೆಲಕ್ಕೆ ಬಿದ್ದಾಗ ಆಕೆಯ ಅವ್ವ, "ಅಯ್ಯಯ್ಯ ಯವ್ವಾ!" ಎಂದು ಚೀರಿದಳು. "ಎದ್ದಾಳಲ್ಲ, ಸುಮ್ನಿರು" ಅಂದಳು ಆಯಿ. ನಮ್ಮ ಹುಡುಗಿಯರು ಆಗಲೇ ಆಕೆಯನ್ನು ತಬ್ಬಿಕೊಂಡು ಕುಣಿಯುತ್ತಿದ್ದರು. ನನಗೂ ಕುಣಿಯಬೇಕು ಅನ್ನಿಸಿತು, ಕೋಚ್ ಅಲ್ಲವೇ ಎಂದು ಗಂಟು ಮುಖ ಹಾಕಿ ನಿಂತೆ.

ತಕರಾರು ಬಂದದ್ದು ಬಸ್ಸಿನಿಂದ. ದಿನಾ ಆಟ ಮುಗಿಯುವ ಮೊದಲೇ ಅವರ ಊರಿನ ಸಂಜೆ ಬಸ್ಸು ಹೋಗಿಬಿಡುತ್ತದೆ. ನಮ್ಮಲ್ಲಿ ಹಾಸ್ಟೆಲ್ ಇಲ್ಲ. "ಮತ್ತ ನಮ್ಮ ಹುಡುಗಿ ರಾತ್ರಿ ಎಲ್ಲಿರಬೇಕು?" ಎಂದು ಆಯಿ ಕೇಳಿದಳು. ಪ್ರಿನ್ಸಿಪಾಲರು ಪಿ.ಟಿ. ಸರ್ ಮುಖ ನೋಡಿದರು, ಅವರು ನೆಲ ನೋಡಿದರು. ಎಲ್ಲ ಮುಗಿಯಿತು ಅನ್ನುವಾಗ ನಾನೇ ಬಾಯಿ ಬಿಟ್ಟೆ. "ನಮ್ಮನ್ಯಾಗ ಇರ್ಲ್ಯಾಕ್ರಿ."

"ನಿಮ್ಮನ್ಯಾಗ ಯಾರ್ಯಾರು ಅದೀರಿ?"

"ನಾ ಒಬ್ಬಾಕೀನ ರೀ."

"ಯಜಮಾನ್ರು?"

"ತೀರಿಕೊಂಡ್ರು. ಭಾಳ ವರ್ಷಾತು."

ಸೊಸೆಯ ಕೈಯಲ್ಲಿ ಒಂದು ಗಂಟು ಇತ್ತು. ಮನೆ ನೋಡಲು ಹೋದವರು ಮಾತು ಕೂಡಿದರೆ ಆ ಮನೆಯ ಮುತ್ತೈದೆಯ ಸೆರಗಿಗೆ ಉಡಿ ತುಂಬಲೆಂದು ಅಕ್ಕಿ, ಕುಪ್ಪಸದ ಖಣ ಒಯ್ದಿರುತ್ತಾರೆ. ಆಕೆ ಆ ಗಂಟನ್ನು ಮೆಲ್ಲಗೆ ಸೆರಗಿನ ಕೆಳಗೆ ಸರಿಸಿದ್ದು ನನಗೆ ಕಾಣಿಸಿತು. ಆಕೆಯ ತಪ್ಪೇನೂ ಇಲ್ಲ. ಗಂಡ ಹೋದ ಮೇಲೆ ಯಾರ ಮನೆಯ ಕಾರ್ಯದಲ್ಲೂ ನನಗೆ ಉಡಿ ತುಂಬಿದವರಿಲ್ಲ. ಅಂಥ ಹೊತ್ತಿನಲ್ಲಿ ನೀರು ಕುಡಿದು ಬರುತ್ತೇನೆಂದು ನಾನೇ ಒಳಗೆ ಎದ್ದು ಹೋಗುತ್ತಿದ್ದೆ. ಆದರೆ ಈ ಸಲ ಎದ್ದು ಹೋಗಲು ಅಡುಗೆಮನೆ ಇರಲಿಲ್ಲ, ಬಯಲಿನಲ್ಲಿ ನಿಂತಿದ್ದೆ. ನನ್ನ ಕಾರಣಕ್ಕೆ ಹುಡುಗಿ ಕೈತಪ್ಪಿದಳಲ್ಲ ಅಂದುಕೊಂಡೆ. ಗೋಲ್ ಕಂಬಕ್ಕೆ ಒರಗಿ ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು.

"ಹಂಗಾರ ಆ ಮನೀನೂ ನೋಡೂಣು ನಡ್ರಿ" ಅಂದಳು ಆಯಿ.

ಟಂಟಂ ನಮ್ಮ ಓಣಿಗೆ ಬಂತು. ಆಯಿ ಮೊದಲು ಇಳಿದು, ಯಾರಿಗೂ ಬೇಕಿಲ್ಲದ ಒಂದು ತೊಟ್ಟಿಲಿನ ರೇಟು ಕೇಳಿ, ಭಾಳ ಆತೆಂದು ಬೈದು, ಆಮೇಲೆ ನನ್ನ ಮನೆಯೊಳಗೆ ಕಾಲಿಟ್ಟಳು. ಒಂದು ಕೋಣೆ, ಒಂದು ಅಡುಗೆಮನೆ, ಉಳಿದದ್ದೆಲ್ಲ ಪುಸ್ತಕ. ಡಬ್ಬಿಗಳ ಮುಚ್ಚಳ ತೆಗೆದು ನೋಡಿದಳು. "ಜ್ವಾಳದ ಹಿಟ್ಟು ಇಷ್ಟ ಏನು? ನಮ್ಮ ಹುಡುಗಿ ಒಂದ ಹೊತ್ತಿಗೆ ಮುಗಸ್ತಾಳ. ಚೀಲ ಕಳಸ್ತೀನಿ." ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅಷ್ಟರಲ್ಲಿ ಆಕೆ ಸೊಸೆಯ ಕಡೆ ತಿರುಗಿ, "ಗಂಟು ತಗಿ" ಅಂದಳು.

ಸೊಸೆ ಕದಲಲಿಲ್ಲ. "ಅತ್ತಿ, ಅವ್ರಿಗೆ ಹೆಂಗ..."

"ಹೆಂಗ ಅಂದ್ರ? ನನಗೂ ಗಂಡ ಇಲ್ಲ. ನಿಮ್ಮೆಲ್ಲಾರ್ನೂ ಸಾಕೂದು ನಿಂತೈತೇನು? ನೀ ಸರಿ ಆಕಡೆ, ನಾನ ತುಂಬ್ತೀನಿ." ಗಂಟು ಕಸಿದುಕೊಂಡು ನನ್ನ ಮುಂದೆ ಬಂದಳು. "ಸೆರಗು ಒಡ್ರಿ ಅಕ್ಕೋರ."

"ಸೆರಗು ಇಲ್ರಿ ಆಯಿ. ಪ್ಯಾಂಟ್ ಹಾಕ್ಕೊಂಡೇನಿ."

ಬಾಗಿಲಲ್ಲಿ ನಿಂತಿದ್ದ ಪಿ.ಟಿ. ಸರ್ ನಗಲು ಹೋಗಿ ಬಾಯಿ ಮುಚ್ಚಿಕೊಂಡರು. "ಅಂಗಿ ಐತೆಲ್ಲ, ಅದನ್ನ ಒಡ್ಡು" ಅಂದಳು ಆಯಿ. ಟೀ ಶರ್ಟಿನ ಅಂಚನ್ನು ಎರಡೂ ಕೈಯಲ್ಲಿ ಮುಂದಕ್ಕೆ ಜಗ್ಗಿ ಹಿಡಿದೆ. ಆಕೆ ಬೊಗಸೆ ಬೊಗಸೆ ಅಕ್ಕಿ ಹಾಕಿದಳು. ಮೇಲೆ ತೆಂಗಿನಕಾಯಿ, ಉತ್ತತ್ತಿ, ಬೆಲ್ಲ, ಹಸಿರು ಖಣ. ಅಂಗಿ ಭಾರಕ್ಕೆ ಜೋತು ಬಿತ್ತು.

"ಇನ್ನ ಮ್ಯಾಲೆ ಇಕಿ ನಿನ್ನ ಮಗಳು," ಅಂದಳು. "ಸಿಟ್ಟು ಬಂದ್ರ ಬಡಿ. ಆದ್ರ ಆಟ ಬಿಡಸಬ್ಯಾಡ, ಉಣ್ಣೂದು ಬಿಡಸಬ್ಯಾಡ."

ಅಕ್ಕಿ ಚೆಲ್ಲಬಾರದು, ಕಣ್ಣೊರೆಸಿಕೊಳ್ಳಲು ಕೈ ಬಿಡುವಂತಿಲ್ಲ. ಹಾಗೇ ಅಂಗಿ ಒಡ್ಡಿ ನಿಂತು, ಎಲ್ಲರ ಮುಂದೆ ಅತ್ತುಬಿಟ್ಟೆ.