ಕೆಂಪಿಯ ಎಂಜಿನ್ನಿಗೆ ಕಲಾಯಿ

೧೯೬೧ನೆಯ ಇಸವಿಯ ದೀಪಾವಳಿ ಮುಗಿದಿತ್ತು. ಹಳಿಯಾಳದ ಸಂತೆಯಲ್ಲಿ ಕೊಂಡ ಹಳೆಯ ತಾಮ್ರದ ತಪ್ಪೇಲಿಯೊಂದನ್ನು ಕಂಕುಳಲ್ಲಿಟ್ಟುಕೊಂಡು ನಾನು ದಾಂಡೇಲಿಯ ಅಂಬೇವಾಡಿಯಲ್ಲಿದ್ದ ಒಂದು ಮೋಟಾರ್ ಗ್ಯಾರೇಜಿನ ಬಾಗಿಲಿಗೆ ಹೋದೆನು. ಅಲ್ಲಿಯ ಕನ್ನಡ ಶಾಲೆಗೆ ಮಾಸ್ತರನಾಗಿ ಆಗತಾನೆ ಬಂದಿದ್ದೆ. ತಪ್ಪೇಲಿಯ ಒಂದು ಬದಿಗೆ ಕಲಾಯಿ ಹೋಗಿ ಸಾರೆಲ್ಲ ಕಿಲುಬು ನಾರುತ್ತಿತ್ತು. ಹಳಿಯಾಳದ ಕಲಾಯಿಗಾರರ ಮಗಳನ್ನು ಈ ಮನೆಗೆ ಕೊಟ್ಟಿದ್ದಾರೆಂದು ಯಾರೋ ಹೇಳಿದ್ದರು. ಒಳಗಿನಿಂದ ಬಂದವಳು ಇಪ್ಪತ್ತರ ಆಸುಪಾಸಿನ ಹೆಣ್ಣುಮಗಳು, ಅಮೀರುನ್ನಿಸಾ.

"ಕಲಾಯಿ ಕೆಲಸ ಇಲ್ಲೆ ಮಾಡೂದಿಲ್ರಿ ಮಾಸ್ತರ. ಇದು ಗ್ಯಾರೇಜ ಐತಿ," ಎಂದಳು.

ಮಾತು ಹಾಗಿದ್ದರೂ ಕೈ ಆಗಲೇ ಮುಂದೆ ಬಂದಿತ್ತು. ತಪ್ಪೇಲಿಯನ್ನು ತೆಗೆದುಕೊಂಡು ಒಳಮೈಗೆ ಬೆರಳಾಡಿಸಿ, ಉಗುರಿನಿಂದ ಕೆರೆದು ನೋಡಿದಳು. "ಇದು ನಮ್ಮ ಅಬ್ಬಾನ ಕೈ. ಇಟ್ಟು ಹೋಗ್ರಿ, ಹಳಿಯಾಳಕ್ಕ ಹೋಗೂವರು ಸಿಕ್ಕರ ಕಳಸ್ತೇನಿ."

ನಾನು ಇಟ್ಟು ಬಂದೆನು. ಮುಂದಿನದನ್ನು ನಾನು ಆ ದಂಪತಿಗಳ ಬಾಯಿಂದಲೇ ಕೇಳಿದ್ದೇನೆ.

ಅಮೀರುನ್ನಿಸಾಳ ಗಂಡ ಫಕ್ರುದ್ದೀನನಿಗೆ ಮದುವೆಯ ಕಾಲಕ್ಕೆ ಒಂದೇ ಒಂದು ಷರತ್ತು ಇತ್ತು. ಹೆಂಡತಿ ಕಲಾಯಿಯ ಬೆಂಕಿ ಊದುವ ತಿದಿಯ ಮುಂದೆ ಕೂಡಬಾರದು. ಗಲ್ಲಿಗಲ್ಲಿ ಕೂಗುತ್ತ ತಿರುಗುವ ಕಲಾಯಿಯವರ ಅಳಿಯನೆಂದು ಗೆಳೆಯರು ಅವನನ್ನು ಚೇಷ್ಟೆ ಮಾಡಿದ್ದರು. ಅವನೋ ಹುಬ್ಬಳ್ಳಿಯಲ್ಲಿ ಎಂಜಿನ್ ಬಿಚ್ಚಿ ಕೂಡಿಸುವುದನ್ನು ಕಲಿತು ಬಂದವನು. ಆಕೆ ತನ್ನ ತಿದಿಯನ್ನು ತವರಿನ ಅಟ್ಟದ ಮೇಲಿಟ್ಟು ಬಂದಳು. ತಂದೆಯ ಎದುರಿಗೆ ಕುಳಿತು ಹತ್ತು ವರ್ಷದವಳಿದ್ದಾಗಿನಿಂದ ಒತ್ತಿದ ತಿದಿ ಅದು.

ಗ್ಯಾರೇಜು ನಡೆಯಿತು. ಕಾಗದದ ಕಾರ್ಖಾನೆ ಬಂದಮೇಲೆ ಬಿದಿರು ಸಾಗಿಸುವ ಲಾರಿಗಳಿಗೆ ಕೊರತೆಯಿರಲಿಲ್ಲ. ಅಷ್ಟರಲ್ಲಿ ಕೆಂಪಿ ಬಂತು.

ಕೆಂಪಿಯೆಂದರೆ ಮುಂಡಗೋಡ ಕಡೆಯ ಪಾಳಾ ಎಂಬ ಊರಿನ ನಾಗಲಿಂಗಪ್ಪನ ಕಾರು. ಅವನ ತಂದೆ ಬ್ರಿಟಿಷರ ಕಾಲದಲ್ಲಿ ತಂದದ್ದು, ಬಟ್ಟೆಯ ಹುಡ್ಡಿನದು, ದೊಡ್ಡ ಕಣ್ಣಿನ ದೀಪಗಳದು. ಮೈಬಣ್ಣಕ್ಕೆ ಆ ಹೆಸರಿಟ್ಟವಳು ಅವನ ತಾಯಿ ಮುದಕವ್ವ. ಬಿದಿರಿನ ವ್ಯಾಪಾರಕ್ಕೆಂದು ದಾಂಡೇಲಿಯಲ್ಲಿ ಬಿಡಾರ ಮಾಡಿದ್ದ ಮಗನ ಹತ್ತಿರ ಆಕೆ ಅದರಲ್ಲಿಯೇ ಬಂದಿದ್ದಳು. ಬಂದ ದಿನವೇ ಎಂಜಿನ್ನು ಒಳಗಿನಿಂದ ಟಕಟಕ ಬಡಿದು ನಿಂತುಬಿಟ್ಟಿತು.

ಎಂಜಿನ್ನಿನ ಹೊಟ್ಟೆಯಲ್ಲಿ ಒಂದು ಬಾಗಿದ ದಂಡ ತಿರುಗುತ್ತಿರುತ್ತದೆ. ಮೇಲಿನಿಂದ ಇಳಿದು ಬಂದ ರಾಡುಗಳು ಆ ದಂಡವನ್ನು ಮುಷ್ಟಿಯಲ್ಲಿ ಹಿಡಿದಂತೆ ಹಿಡಿದಿರುತ್ತವೆ. ಉಕ್ಕಿಗೆ ಉಕ್ಕು ಉಜ್ಜಬಾರದೆಂದು ಹಳೆಯ ಕಾರುಗಳಲ್ಲಿ ಆ ಮುಷ್ಟಿಯ ಒಳಮೈಗೆ ಮೆತ್ತನೆಯ ಬಿಳಿ ಲೋಹವನ್ನು ಕರಗಿಸಿ ಹೊಯ್ಯುತ್ತಿದ್ದರು. ಕೆಂಪಿಯಲ್ಲಿ ಆ ಲೋಹವೇ ಕಿತ್ತುಹೋಗಿತ್ತು. ಫಕ್ರುದ್ದೀನ ಹೊಸದಾಗಿ ಹೊಯ್ದನು, ಕೆರೆದು ಕೂಡಿಸಿದನು. ಕಾರು ಅಂಬೇವಾಡಿ ದಾಟುವಷ್ಟರಲ್ಲಿ ನಿಂತಿತು. ಮತ್ತೆ ಹೊಯ್ದನು, ಹಳಿಯಾಳದ ದಾರಿಯಲ್ಲಿ ನಿಂತಿತು. ಮೂರನೆಯ ಸಲ ಹಳಿಯಾಳದ ಪೇಟೆಯ ನಡುವೆ, ನೋಡುವವರ ಕಣ್ಣಿಗೆ ಹಬ್ಬವಾಗುವಂತೆ ನಿಂತಿತು. ಎತ್ತು ಕಟ್ಟಿ ಎಳೆದು ತರಬೇಕಾಯಿತು. ಫಕ್ರುದ್ದೀನನ ಕಾರಿಗೆ ಪೆಟ್ರೋಲು ಬೇಡ, ಹಿಂಡಿ ಹೊಟ್ಟು ಸಾಕು ಎಂದು ಚಹದ ಅಂಗಡಿಯಲ್ಲಿ ಮಾತಾಡಿಕೊಂಡರು. ಲಾರಿಗಳವರು ಒಬ್ಬೊಬ್ಬರಾಗಿ ಬೇರೆ ಕಡೆಗೆ ಹೋಗತೊಡಗಿದರು.

ನಾನು ತಪ್ಪೇಲಿ ಕೊಟ್ಟು ಬಂದ ಮಧ್ಯಾಹ್ನ ನಾಗಲಿಂಗಪ್ಪ ಹುಬ್ಬಳ್ಳಿಯ ಗುಜರಿ ವ್ಯಾಪಾರಿ ಚನಬಸಪ್ಪನನ್ನು ಕರೆದುಕೊಂಡು ಗ್ಯಾರೇಜಿಗೆ ಬಂದನು. ಚನಬಸಪ್ಪ ಕೆಂಪಿಯ ಸುತ್ತ ತಿರುಗಿ, ಮಡ್‌ಗಾರ್ಡಿಗೆ ಬೆರಳಿನಿಂದ ಬಡಿದನು. "ತಗಡು ಚಲೋ ಐತಿ," ಎಂದನು.

"ಇನ್ನೊಂದು ಸಲ ನೋಡ್ತೇನ್ರಿ ಧಣಿ," ಎಂದು ಫಕ್ರುದ್ದೀನ ಕೈಮುಗಿದನು.

"ನೋಡಪಾ, ಬ್ಯಾಡನ್ನೂದಿಲ್ಲ," ಎಂದನು ನಾಗಲಿಂಗಪ್ಪ. "ಐತವಾರ ನಮ್ಮವ್ವನ್ನ ಪಾಳಾಕ್ಕ ಮುಟ್ಟಸಬೇಕು. ಈ ಚನಬಸಪ್ಪನೂ ಗಾಡ್ಯಾಗ ಕೂತು ಬರ್ತಾನ. ಎಲ್ಲಿ ನಿಂತತೋ ಅಲ್ಲೇ ಗಾಡಿ ಇವಂದು. ನೀ ಇಳದು ನಡಕೋತ ಬಾ."

ಅವರು ಹೋದಮೇಲೆ ಫಕ್ರುದ್ದೀನ ರಾಡನ್ನು ಹಿಡಿದು ಹೊಸ್ತಿಲ ಮೇಲೆ ಕುಳಿತನು. "ಈ ಸಲ ನಿಂತರ ಬಾಗಲಾ ಹಾಕ್ತೇನಿ. ಕಾರ್ಖಾನ್ಯಾಗ ಬಿದರ ಹೊರಾಕ ಹೋಗ್ತೇನಿ," ಎಂದು ಹೆಂಡತಿಗೆ ಹೇಳಿ ರಾಡನ್ನು ನೆಲಕ್ಕೆ ಕುಕ್ಕಿದನು. ಅದರ ಮುಷ್ಟಿಯೊಳಗಿನ ಬಿಳಿ ಲೋಹ ಒಣಗಿದ ಕುಂಬಳದ ಸಿಪ್ಪೆಯಂತೆ ಕಳಚಿ ಅಮೀರುನ್ನಿಸಾಳ ಕಾಲ ಬಳಿಗೆ ಉರುಳಿ ಬಂದಿತು.

ಅವಳು ಅದನ್ನು ಎತ್ತಿಕೊಂಡಳು. ಬೆನ್ನಿನ ಬದಿ ನುಣ್ಣಗಿತ್ತು. ಎಲ್ಲಿಯೂ ಉಕ್ಕನ್ನು ಕಚ್ಚಿಕೊಂಡ ಗುರುತಿಲ್ಲ. ಎದುರಿಗೆ ನನ್ನ ತಪ್ಪೇಲಿ ಇತ್ತು. ದಿನವೂ ಬೆಂಕಿಯ ಮೇಲೆ ಕುಳಿತ ಪಾತ್ರೆ. ಕಲಾಯಿ ಸವೆದಿತ್ತೇ ಹೊರತು ಒಂದು ಕಡೆಯೂ ಎದ್ದಿರಲಿಲ್ಲ. ಅವಳು ಎರಡನ್ನೂ ಗಂಡನ ಮುಂದೆ ಇಟ್ಟಳು.

"ಇದ್ಯಾಕ ಎದ್ದ ಬಂತು, ಇದ್ಯಾಕ ಏಳಲಿಲ್ಲ?"

"ಅದು ಬೋಗಾಣಿ, ಇದು ಎಂಜಿನ್. ಹೋಲಿಸ್ತಿ ನೋಡು!"

"ಕೇಳಿದ್ದಕ್ಕ ಹೇಳ್ರಿ. ಹೊಯ್ಯೂಕಿಂತ ಮೊದಲ ಒಳಮೈಗೆ ಏನ ಹಚ್ಚತೀರಿ?"

"ಒರಸಿ ಹೊಯ್ತೇನಿ. ಹಚ್ಚೂದೇನ ಇರ್ತೈತಿ?"

"ನವಸಾಗರ ಹಾಕಿ ತಿಕ್ಕೂದಿಲ್ಲ, ಮ್ಯಾಲ ತವರ ಸವರೂದಿಲ್ಲ. ಬರೇ ಉಕ್ಕಿಗೆ ಹೊಯ್ದರ ಅದು ನಿಮ್ಮ ಮಾರಿ ನೋಡಿ ಹಿಡಕೊಂಡ ಕೂಡ್ತೈತೇನು?"

ಫಕ್ರುದ್ದೀನ ಕಳಚಿದ ಲೋಹವನ್ನು ಎತ್ತಿ ಹೊರಳಿಸಿ ನೋಡಿದನು. ಹುಬ್ಬಳ್ಳಿಯಲ್ಲಿ ಲೋಹ ಹೊಯ್ಯುವ ಕೆಲಸ ಹಿಂದಿನ ಕೋಣೆಯಲ್ಲಿ ನಡೆಯುತ್ತಿತ್ತು. ಅಲ್ಲಿಯ ಮುದುಕ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಹೊರಗೆ ಬಂದದ್ದನ್ನು ಕೆರೆದು ಕೂಡಿಸುವುದರಲ್ಲಿ ಮಾತ್ರ ಇವನು ಪಳಗಿದ್ದನು. ಬಾಗಿಲ ಹಿಂದೆ ಏನು ನಡೆಯುತ್ತಿತ್ತೆಂಬುದು ಈಗ ಹೊಳೆಯಿತು.

"ನೀ ಕೂತರ ಊರಾಗ ನಗತಾರ," ಎಂದನು ಮೆಲ್ಲಗೆ.

"ಈಗೇನು ಹೂವಿನ ಮಾಲಿ ಹಾಕಾಕತ್ತಾರೇನು?"

ಅವನಿಗೆ ತಡೆಯಲಾಗದೆ ನಗೆ ಬಂದಿತು. ಮರುದಿನ ತಾನೇ ಸೈಕಲ್ಲು ಹತ್ತಿ ಹಳಿಯಾಳಕ್ಕೆ ಹೋಗಿ, ಮಾವನ ಅಟ್ಟದಿಂದ ಆ ಚರ್ಮದ ತಿದಿಯನ್ನು ಇಳಿಸಿಕೊಂಡು ಕ್ಯಾರಿಯರ್‌ಗೆ ಬಿಗಿದನು. ಅದೇ ಪೇಟೆಯ ನಡುವೆಯೇ ಹಾಯ್ದು ಬಂದನು.

"ಏನೋ ಫಕ್ರುದ್ದೀನ, ಧಂಧಾ ಬದಲಿ ಆತೇನು?" ಎಂದು ಒಬ್ಬನು ಕೂಗಿದನು.

"ಹೌದ್ರಿ ಕಾಕಾ! ಮನ್ಯಾಗಿನ ಹಂಡೆ ಕೊಡಪಾನ ತಗದ ಇಡ್ರಿ, ಬರ್ತೇನಿ!" ಎಂದು ಪೆಡಲು ತುಳಿದನು.

ಅಂಗಳದಲ್ಲಿ ಇದ್ದಿಲು ಹೊತ್ತಿತು. ಅಮೀರುನ್ನಿಸಾ ಸೆರಗು ಸಿಕ್ಕಿಸಿ ಕುಳಿತಳು. ತಿದಿ ಉಸಿರಾಡತೊಡಗಿತು. ಕಾದ ರಾಡಿನ ಮುಷ್ಟಿಗೆ ನವಸಾಗರದ ಪುಡಿ ಬಿದ್ದೊಡನೆ ಬಿಳಿಯ ಹೊಗೆ ಎದ್ದು ಫಕ್ರುದ್ದೀನ ಕೆಮ್ಮುತ್ತ ಹಿಂದೆ ಸರಿದನು. ಅವಳು ಸರಿಯಲಿಲ್ಲ. ತವರದ ಕಡ್ಡಿಯನ್ನು ಮುಟ್ಟಿಸಿ, ಅರಳೆಯ ಉಂಡೆಯಿಂದ ಒಂದೇ ಸಮನೆ ಒರೆಸಿದಳು. ಕಪ್ಪಾಗಿದ್ದ ಉಕ್ಕು ಕನ್ನಡಿಯಂತೆ ಹೊಳೆಯಿತು. ಆ ಹೊಳಪು ಆರುವ ಮೊದಲು ಅವನು ಬಿಳಿ ಲೋಹವನ್ನು ಹೊಯ್ದನು. ತಣಿದ ಮೇಲೆ ಅವಳು ರಾಡನ್ನು ದಾರಕ್ಕೆ ತೂಗಿ ಹಿಡಿದು ಕಲ್ಲಿನಿಂದ ಮೆಲ್ಲಗೆ ತಟ್ಟಿದಳು. ಗಂಟೆಯಂತೆ ನಾದ ಹೊರಟಿತು. ಲೋಹ ಉಕ್ಕನ್ನು ಕಚ್ಚದೆ ಇದ್ದರೆ ಒಡಕು ಗಡಿಗೆಯಂತೆ ಬದ್ ಎನ್ನುತ್ತದೆ. ಹೀಗೆ ಎಲ್ಲ ರಾಡುಗಳೂ ಆದವು. ಇನ್ನು ಅವನ ಕೈಚಳಕ. ದಂಡಕ್ಕೆ ಅವಳ ಕಾಡಿಗೆಯನ್ನೇ ತೆಳ್ಳಗೆ ಸವರಿ, ರಾಡನ್ನು ಕೂಡಿಸಿ ತಿರುಗಿಸಿ, ಕಪ್ಪು ತಾಗಿದಲ್ಲಿ ಮಾತ್ರ ಕೂದಲೆಳೆಯಷ್ಟು ಕೆರೆದು ಕೆರೆದು ಹೊಂದಿಸಿದನು.

ಐತವಾರ ಬೆಳಿಗ್ಗೆ ಅಂಬೇವಾಡಿಯ ಅರ್ಧ ಜನ ರಸ್ತೆಯ ಬದಿಗೆ ನಿಂತಿದ್ದರು, ನಾನೂ ಇದ್ದೆನು. ಫಕ್ರುದ್ದೀನ ಸ್ಟಿಯರಿಂಗಿಗೆ ಕುಳಿತನು, ಪಕ್ಕದಲ್ಲಿ ನಾಗಲಿಂಗಪ್ಪ. ಹಿಂದೆ ಮುದಕವ್ವ, ಅವಳ ಒಂದು ಮಗ್ಗುಲಿಗೆ ಚನಬಸಪ್ಪ. ಅವನು ಹಗ್ಗದ ಸುರುಳಿಯನ್ನೂ ಒಂದು ಭಾರದ ಚೀಲವನ್ನೂ ತಂದು ಕಾಲ ಬಳಿ ಇಟ್ಟುಕೊಂಡಿದ್ದನು.

"ಹಗ್ಗ ಯಾಕೋ? ಉರಲ ಹಾಕ್ಕೋತಿ ಏನು?" ಎಂದಳು ಮುದಕವ್ವ.

"ಗಾಡಿ ಎಳ್ಯಾಕ ಬೇಕಾಗ್ತೈತ್ಬೆ ಯಮ್ಮಾ."

"ನಿನ್ನ ನಾಲಗಿಗೆ ಕಟ್ಟು ಅದನ್ನ." ಆಮೇಲೆ ಬಾಗಿಲಲ್ಲಿ ನಿಂತಿದ್ದ ಅಮೀರುನ್ನಿಸಾಳನ್ನು ಕಂಡು, "ಏ ತಂಗಿ, ಬಾ ಇಲ್ಲೆ. ಬೆಂಕಿ ಮುಂದ ಕೂತಾಕಿ ನೀನು, ಮನ್ಯಾಗ ಉಳದರ ಹೆಂಗ? ಹತ್ತು," ಎಂದಳು.

ಅವಳು ಬುರಖಾ ಹಾಕಿಕೊಂಡು ಬಂದು ಮುದಕವ್ವನ ಇನ್ನೊಂದು ಮಗ್ಗುಲಿಗೆ ಕುಳಿತಳು.

ಹ್ಯಾಂಡಲ್ ತಿರುವಿದ ಕೂಡಲೇ ಕೆಂಪಿ ಎದ್ದಿತು. ಅಂಬೇವಾಡಿ ದಾಟಿತು. ಹಳಿಯಾಳದ ಪೇಟೆಯನ್ನು ಹಾರ್ನು ಬಾರಿಸುತ್ತಲೇ ದಾಟಿತು. ಕಲಘಟಗಿಯ ಕಡೆಗೆ ಹೊರಳಿದಾಗ ರಸ್ತೆ ಕೆಟ್ಟಿತ್ತು, ಏರು ಹತ್ತಿತು. ಆಗ ಕೇಳಿಸಿತು: ಟಕ್. ಸ್ವಲ್ಪ ಬಿಟ್ಟು ಮತ್ತೆ, ಟಕ್ ಟಕ್.

ಚನಬಸಪ್ಪ ನೆಟ್ಟಗೆ ಕುಳಿತನು. ಫಕ್ರುದ್ದೀನ ಕಿವಿಗೊಟ್ಟು ವೇಗ ತಗ್ಗಿಸಿದನು. ಹೊಯ್ದ ಲೋಹ ಮತ್ತೆ ಕಿತ್ತಿದ್ದರೆ ಈಗಲೇ ನಿಲ್ಲಿಸಬೇಕು. ಮುಂದೆ ಓಡಿಸಿದರೆ ರಾಡು ಮುರಿದು ಎಂಜಿನ್ನಿನ ಹೊಟ್ಟೆಯನ್ನೇ ಸೀಳುತ್ತದೆ. ನಿಲ್ಲಿಸಿದರೆ ಮಾತಿನಂತೆ ಕಾರು ಗುಜರಿಗೆ, ತಾನು ಬಿದಿರು ಹೊರಲಿಕ್ಕೆ. ಅವನ ಕಾಲು ಬ್ರೇಕಿನ ಕಡೆಗೆ ಸರಿಯಿತು.

ಅಮೀರುನ್ನಿಸಾ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಎಂಜಿನ್ನು ಒಂದೇ ಲಯದಲ್ಲಿ ಹಾಡುತ್ತಿತ್ತು. ಬಡಿತಕ್ಕೆ ಆ ಲಯ ಇರಲಿಲ್ಲ. ಗಾಲಿ ಕುಣಿಯಲ್ಲಿ ಇಳಿದಾಗ ಅದು ಬರುತ್ತಿತ್ತು, ಇಲ್ಲವಾದರೆ ಇಲ್ಲ.

"ನಿಲ್ಲಸಬ್ಯಾಡ್ರಿ!" ಎಂದು ಅವಳು ಕೂಗಿದಳು. ಆಮೇಲೆ ಬಾಗಿ ನೋಡಿ, "ಚಾಚಾ, ಆ ಚೀಲದಾಗ ಏನೈತ್ರಿ?" ಎಂದಳು.

"ಏನಿಲ್ಲವ್ವ, ತಕ್ಕಡಿ, ತೂಕದ ಕಲ್ಲು..."

"ಎತ್ತಿ ತೊಡಿ ಮ್ಯಾಲ ಇಟ್ಟಕೊರ್ರಿ."

ಚನಬಸಪ್ಪ ಎತ್ತಿಕೊಂಡನು. ಬಡಿತ ನಿಂತುಹೋಯಿತು.

ಮುದಕವ್ವ ನಕ್ಕ ನಗೆಗೆ ಹುಡ್ಡಿನ ಬಟ್ಟೆ ಹಾರುವುದೊಂದು ಉಳಿದಿತ್ತು. "ಬಾಡ್ಯಾ, ಕೆಂಪಿನ್ನ ತೂಗಾಕ ಬಂದಿದ್ದಿ? ಪಾಳಾ ಮುಟ್ಟೂತನಕ ನಿನ್ನ ಕಲ್ಲು ನೀನ ಹೊತ್ತಕೊಂಡ ಕೂಡು!" ಎಂದಳು. ನಾಗಲಿಂಗಪ್ಪ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡು ನಕ್ಕನು. ಫಕ್ರುದ್ದೀನ ಮಾತ್ರ ನಗದೆ, ಕಾಲನ್ನು ಬ್ರೇಕಿನಿಂದ ತೆಗೆದು ಆಕ್ಸಿಲರೇಟರಿನ ಮೇಲೆ ಭದ್ರವಾಗಿ ಊರಿದನು.

ಮುಂಡಗೋಡದಲ್ಲಿ ಜನ ಬೀದಿಗೆ ಬಂದು ದಾರಿ ಬಿಟ್ಟರು. ಪಾಳಾದಲ್ಲಿ ಮುದಕವ್ವ ಮನೆಯೊಳಗೆ ಹೋಗುವ ಮೊದಲು ಕೆಂಪಿಗೆ ನೀರು ನಿವಾಳಿಸಿದಳು. ಒಳಗಿನಿಂದ ಹಸಿರು ಬಳೆಗಳನ್ನೂ ಕುಬಸದ ಖಣವನ್ನೂ ತಂದು ಅಮೀರುನ್ನಿಸಾಳ ಉಡಿಯಲ್ಲಿ ಹಾಕಿದಳು. ನಾಗಲಿಂಗಪ್ಪ ತನ್ನ ಲಾರಿಗಳನ್ನೆಲ್ಲ ಇನ್ನು ಮುಂದೆ ಅಂಬೇವಾಡಿಗೇ ಕಳಿಸುವುದಾಗಿ ಎಲ್ಲರೆದುರಿಗೆ ಹೇಳಿದನು. ಚನಬಸಪ್ಪ ಹುಬ್ಬಳ್ಳಿಯ ಬಸ್ಸಿಗೆ ಹೊರಡುವ ಮೊದಲು ತುಸು ಹಿಂದೆ ಮುಂದೆ ನೋಡಿ, "ನನ್ನ ಅಡ್ಡಾದಾಗ ಇಂಥಾವ ಎರಡ ಗಾಡಿ ಸತ್ತ ಬಿದ್ದಾವು. ಎಬ್ಬಸ್ತಿಯೇನ ತಂಗಿ?" ಎಂದು ಕೇಳಿದನು.

ಅವಳು ಗಂಡನ ಮುಖ ನೋಡಿದಳು. "ಆಕೀನ್ನ ಕೇಳಾಕತ್ತಾರ. ಆಕೀನ ಹೇಳಲಿ," ಎಂದನು ಫಕ್ರುದ್ದೀನ.

"ಕಳಸ್ರಿ," ಎಂದಳು.

ಆ ವಾರವೇ ಗ್ಯಾರೇಜಿನ ಹಲಗೆಯ ಮೇಲೆ ಅವನ ಹೆಸರಿನ ಕೆಳಗೆ ‘ಇಲ್ಲಿ ಕಲಾಯಿಯನ್ನೂ ಹಾಕುತ್ತೇವೆ’ ಎಂದು ಫಕ್ರುದ್ದೀನ ಸ್ವತಃ ಬಣ್ಣದಲ್ಲಿ ಬರೆದನು. ಮೊದಲು ಹೊಳೆದು ಬಂದದ್ದು ನನ್ನ ತಪ್ಪೇಲಿ. ಅರವತ್ತರ ದಶಕ ಮುಗಿಯುವಷ್ಟರಲ್ಲಿ ಹಳೆಯ ಎಂಜಿನ್ನುಗಳು ಜೋಯಿಡಾದಿಂದಲೂ ಹುಬ್ಬಳ್ಳಿಯಿಂದಲೂ ಅವರ ಅಂಗಳಕ್ಕೆ ಬರತೊಡಗಿದವು.

ಫಕ್ರುದ್ದೀನ ತೀರಿಕೊಂಡು ಬಹಳ ವರ್ಷಗಳಾದವು. ಈಗ ಹಳೆಯ ಕಾರುಗಳನ್ನು ಪ್ರೀತಿಯಿಂದ ಕೂಡಿಟ್ಟವರು ಬೆಳಗಾವಿಯಿಂದ, ಗೋವೆಯಿಂದ ರಾಡುಗಳನ್ನು ಹೊತ್ತು ಅಂಬೇವಾಡಿಯನ್ನು ಹುಡುಕಿಕೊಂಡು ಬರುತ್ತಾರೆ. ಕಣ್ಣು ಮಂಜಾಗಿದ್ದರೂ ಅಮೀರುನ್ನಿಸಾಳ ಕಿವಿ ಚುರುಕಾಗಿಯೇ ಇದೆ. ದಾರಕ್ಕೆ ತೂಗಿದ ರಾಡನ್ನು ತಟ್ಟಿ ನಾದ ಕೇಳದೆ ಯಾವುದನ್ನೂ ಹೊರಗೆ ಬಿಡುವುದಿಲ್ಲ. ಎಂಜಿನ್ನು ಕೂಡಿದ ಮೇಲೆ ಮೊದಲ ಓಟಕ್ಕೆ ಹಿಂದಿನ ಸೀಟಿನಲ್ಲಿ ತಾನೇ ಕೂಡುತ್ತಾಳೆ. ಹತ್ತುವ ಮೊದಲು ಎಲ್ಲರ ಚೀಲಗಳನ್ನೂ ಕೆಳಗಿಳಿಸುತ್ತಾಳೆ.